ಕಾನೂನು ಓದುವ ಹುಡುಗಿಯಿಂದ ನಾನು ಕಲಿತದ್ದು

(ನಮ್ಮ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಕಾರ್ಯದರ್ಶಿಯವರು ಫೋನ್ ಮಾಡಿ "ಐಟಿಯಲ್ಲಿ ಮಹಿಳೆಯರು ಅಂತ ಏನಾದರೂ ಮಾತಾಡಿ, ಇಪ್ಪತ್ತು ನಿಮಿಷ ಸಾಕು" ಅಂದಿದ್ದರು. ಹೂಂ ಅಂದೆ. ಆಮೇಲೆ ಯೋಚಿಸಿದರೆ ಆ ವಿಷಯದ ಬಗ್ಗೆ ಇಲ್ಲಿರುವ ಅರ್ಧಕ್ಕರ್ಧ ಜನ ನನಗಿಂತ ಚೆನ್ನಾಗಿ ಮಾತಾಡಬಲ್ಲಿರಿ. ಹಾಗಾಗಿ ವಿಷಯ ಬದಲಿಸಿಕೊಂಡೆ. ಇವತ್ತು ನಾನು ಓದದೇ ಇರುವ ಓದಿನ ಬಗ್ಗೆ ಹೇಳುತ್ತೇನೆ. ನನ್ನ ಅಕ್ಕನ ಮಗಳು ಇಲ್ಲೇ ಹೈದರಾಬಾದಿನಲ್ಲಿ ಐದು ವರ್ಷದ ಕಾನೂನು ಪದವಿ ಓದುತ್ತಿದ್ದಾಳೆ, ಈಗ ನಾಲ್ಕನೇ ವರ್ಷ. ಅವಳಿಗೆ ಇಷ್ಟವಾದ ವಿಷಯ ಮಾನವ ಹಕ್ಕುಗಳ ಕಾನೂನು. ಅವಳ ಓದಿನಿಂದ ನನ್ನದೊಂದು ತಪ್ಪು ನನಗೇ ಗೊತ್ತಾಯಿತು. ಆ ತಪ್ಪನ್ನು ನಿಮ್ಮ ಮುಂದೆ ಹೇಳಬೇಕು ಅಂತಲೇ ಬಂದಿದ್ದೇನೆ.

ಮೊದಲು ಅವಳು ಕಾನೂನಿಗೆ ಬಂದ ಕಥೆ. ನಮ್ಮೂರು ರಾಯಚೂರು. ಪಿಯುಸಿ ಎರಡನೇ ವರ್ಷದ ಸಂಕ್ರಾಂತಿಯಲ್ಲಿ ಅವಳು "ನಾನು ಲಾ ಓದ್ತೀನಿ" ಅಂದಳು. ಮನೆಯಲ್ಲಿ ಎಳ್ಳು ಬೆಲ್ಲ ಹಂಚುವುದು ನಿಂತುಹೋಯಿತು. ಭಾವನವರಿಗೆ ಮಗಳು ಇಂಜಿನಿಯರ್ ಆಗಬೇಕು, ಇಲ್ಲವೇ ನೀಟ್ ಬರೆಯಬೇಕು. "ಕರಿ ಕೋಟ್ ಹಾಕ್ಕೊಂಡು ಕೋರ್ಟ್ ಮುಂದಿನ ಬೇವಿನ ಗಿಡದ ಕೆಳಗ ನಿಲ್ಲಾಕೇನು?" ಅಂತ ಕೇಳಿದರು. ಅಕ್ಕ ನನಗೆ ಫೋನ್ ಮಾಡಿದಳು. ಮನೆತನದಲ್ಲಿ ಎಂ.ಟೆಕ್ ಮಾಡಿದವಳು ನಾನೊಬ್ಬಳೇ ಆದ್ದರಿಂದ ಇಂಥ ಸಂದರ್ಭಗಳಲ್ಲಿ ನನ್ನನ್ನು ಕರೆಯುವುದು ರೂಢಿ. ನಾನೂ ಅವಳಿಗೆ ಒಂದು ಗಂಟೆ ಬುದ್ಧಿ ಹೇಳಿದೆ. "ಮೊದಲು ಬಿ.ಇ. ಮಾಡು, ಕೈಯಲ್ಲಿ ಕೆಲಸ ಇರಲಿ, ಆಮೇಲೆ ಬೇಕಾದರೆ ಸಮಾಜಸೇವೆ ಮಾಡು" ಅಂದೆ. ಅವಳು ಪೂರ್ತಿ ಕೇಳಿಸಿಕೊಂಡು, "ಚಿಕ್ಕಮ್ಮ, ಕಾನೂನು ಅಂದ್ರ ಸಮಾಜಸೇವೆ ಅಂತ ಯಾರು ಹೇಳಿದ್ರು ನಿಮಗ?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಹೇಳಬಲ್ಲೆ, ಆಗ ಅವಳು ಸರಿಯಾಗಿದ್ದಳು.

ಇಲ್ಲಿ ಮಕ್ಕಳನ್ನು ಹತ್ತನೇ ತರಗತಿ, ಇಂಟರ್ ಓದಿಸುತ್ತಿರುವ ತಾಯಂದಿರು ಇದ್ದೀರಿ, ಅವರಿಗಾಗಿ ಎರಡು ಮಾತು. ಹಿಂದೆ ಬಿ.ಎ., ಬಿ.ಕಾಂ. ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡುತ್ತಿದ್ದರು. ಆ ದಾರಿ ಈಗಲೂ ಇದೆ. ಹನ್ನೆರಡನೇ ತರಗತಿ ಆದ ತಕ್ಷಣ ಸೇರುವ ಐದು ವರ್ಷದ ಓದಿಗೆ ದೊಡ್ಡ ಹೆಸರು ತಂದದ್ದು ನಮ್ಮ ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ. ಎನ್.ಆರ್. ಮಾಧವ ಮೆನನ್ ಅವರ ಮುಂದಾಳತ್ವದಲ್ಲಿ 1988ರಲ್ಲಿ ಅಲ್ಲಿ ಮೊದಲ ತಂಡ ಸೇರಿತು. ಹೈದರಾಬಾದಿನಲ್ಲಿ 1998ರಲ್ಲಿ ನಲ್ಸಾರ್ ಶುರುವಾಯಿತು, ಶಾಮೀರಪೇಟೆಯ ಕಡೆ ಹೋದವರು ನೋಡಿರುತ್ತೀರಿ. ಇಂಥ ರಾಷ್ಟ್ರೀಯ ಸಂಸ್ಥೆಗಳಿಗೆ ಕ್ಲಾಟ್ ಪರೀಕ್ಷೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಕಾಲೇಜೂ ಸೇರಿ ರಾಜ್ಯದ ಉಳಿದ ಕಾಲೇಜುಗಳಿಗೆ ಲಾಸೆಟ್. ರಾಷ್ಟ್ರೀಯ ಸಂಸ್ಥೆಗಳ ಫೀಸು ಕೇಳಿದರೆ ಎದೆ ಝಲ್ ಎನ್ನುತ್ತದೆ, ಸರ್ಕಾರಿ ಕಾಲೇಜಿನದು ಹಾಗಿಲ್ಲ. ನಮ್ಮ ಹುಡುಗಿ ಯಾವುದರಲ್ಲಿ ಓದುತ್ತಾಳೆ ಅಂತ ಹೇಳುವುದಿಲ್ಲ, ಅವಳೇ ಬೇಡ ಅಂದಿದ್ದಾಳೆ.

ಮಾನವ ಹಕ್ಕು ಎಂದ ಕೂಡಲೇ ನನ್ನ ತಲೆಯಲ್ಲಿ ಬರುತ್ತಿದ್ದದ್ದು ಟಿವಿ ಚರ್ಚೆ, ಮೇಣದಬತ್ತಿ ಮೆರವಣಿಗೆ, ಡಿಸೆಂಬರ್ 10ರ ಭಾಷಣ. ಓದು ಅಂದರೆ ಒಳ್ಳೆಯ ಮಾತುಗಳ ಪಾಠವಿರಬೇಕು ಅಂದುಕೊಂಡಿದ್ದೆ. ಅವಳು ಭಾನುವಾರ ಹಾಸ್ಟೆಲಿನಿಂದ ಊಟಕ್ಕೆ ಬಂದಾಗ ಚೀಲದಲ್ಲಿ ತರುತ್ತಿದ್ದದ್ದು ಬೇರೆಯೇ. ಕೋಠಿಯ ಅಂಗಡಿಯಲ್ಲಿ ಕೊಂಡ ತೆಳ್ಳನೆಯ ಕಾಯ್ದೆ ಪುಸ್ತಕಗಳು, ಈ ಹುಡುಗರು 'ಬೇರ್ ಆಕ್ಟ್' ಅನ್ನುತ್ತಾರೆ, ವಿವರಣೆ ಇಲ್ಲದ ಬರೀ ಕಾಯ್ದೆ. ಜೊತೆಗೆ ಪ್ರಿಂಟ್ ತೆಗೆದ ತೀರ್ಪುಗಳು. ಒಂದೊಂದು ತೀರ್ಪಿನ ಅಂಚಿನಲ್ಲೂ ಪೆನ್ಸಿಲಿನಲ್ಲಿ ಬರೆದುಕೊಂಡಿರುತ್ತಾಳೆ: ನಡೆದದ್ದೇನು, ಕೋರ್ಟಿನ ಮುಂದಿದ್ದ ಪ್ರಶ್ನೆ ಯಾವುದು, ಕೋರ್ಟು ಏನು ಹೇಳಿತು, ಯಾಕೆ ಹೇಳಿತು. ಒಂದು ಸಲ ಅವಳು ಬರೆದ ಕರಡು ಅರ್ಜಿಯನ್ನು ತೋರಿಸಿದಳು. ಕ್ಲಾಸಿನ ಅಭ್ಯಾಸಕ್ಕೆ ಬರೆದದ್ದು. ಅವರ ಮೇಡಂ ಕೆಂಪು ಶಾಯಿಯಲ್ಲಿ 'ಅಮಾನುಷ', 'ಘೋರ', 'ಹೃದಯವಿದ್ರಾವಕ' ಅರ್ಥದ ಪದಗಳನ್ನೆಲ್ಲ ಹೊಡೆದುಹಾಕಿ, ಪಕ್ಕದಲ್ಲಿ 'ಎಷ್ಟು ಗಂಟೆಗೆ? ಯಾರು? ಯಾವ ಕೋಣೆಯಲ್ಲಿ?' ಅಂತ ಬರೆದಿದ್ದರು. ನಮ್ಮಲ್ಲಿ ಪ್ರೋಗ್ರಾಂ ಕೆಟ್ಟಾಗ ಹಿರಿಯರು ಕೇಳುವ ಪ್ರಶ್ನೆಗಳೂ ಇವೇ ಅಲ್ಲವೇ ಅನ್ನಿಸಿ ನಗು ಬಂತು. ಆದರೆ ಅಲ್ಲಿ ಕೆಟ್ಟಿರುವುದು ಮನುಷ್ಯರ ಬದುಕು.

ಈ ಓದು ಸುಲಭವಲ್ಲ ಅಂತಲೂ ಹೇಳಬೇಕು. ಹತ್ತೊಂಬತ್ತು ವರ್ಷದ ಹುಡುಗಿ ರಾತ್ರಿ ಹನ್ನೊಂದಕ್ಕೆ ಕೂತು ಪೊಲೀಸ್ ಠಾಣೆಯ ಸಾವುಗಳ ತೀರ್ಪು ಓದುತ್ತಾಳೆ. ಎರಡನೇ ವರ್ಷದಲ್ಲಿ ಒಂದಷ್ಟು ದಿನ ನಿದ್ದೆ ಬರುತ್ತಿಲ್ಲ ಅಂತ ನಮ್ಮ ಮನೆಗೆ ಬಂದು ಮಲಗುತ್ತಿದ್ದಳು. ಅಕ್ಕ ಗಾಬರಿಯಾಗಿ "ವಿಷಯಾನೇ ಬದಲಿ ಮಾಡ್ಕೊ ಅಂತ ಹೇಳು" ಅಂದಿದ್ದಳು. ನಾನು ಹೇಳಲಿಲ್ಲ. ಆ ಹೊತ್ತಿಗೆ ನನಗೂ ಅವಳ ಕಾಗದಗಳನ್ನು ಓದುವ ಚಟ ಹತ್ತಿತ್ತು.

ಅದಕ್ಕೊಂದು ಕಾರಣ ರಮೀಜಾ ಬೀ ಪ್ರಕರಣ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಹಿರಿಯರಿಗೆ ಈ ಹೆಸರು ನೆನಪಿರಬಹುದು. 1978ರ ಮಾರ್ಚ್ ತಿಂಗಳು. ಸಿನಿಮಾ ನೋಡಿಕೊಂಡು ಬರುತ್ತಿದ್ದ ಬಡ ದಂಪತಿಯನ್ನು ನಲ್ಲಕುಂಟ ಠಾಣೆಯ ಪೊಲೀಸರು ಹಿಡಿದರು. ಗಂಡ ರಿಕ್ಷಾ ತುಳಿಯುವವನು. ಠಾಣೆಯಲ್ಲಿ ಆಕೆಯ ಮೇಲೆ ಅತ್ಯಾಚಾರವಾಯಿತು, ಗಂಡ ಹೊಡೆತ ತಿಂದು ಸತ್ತ. ಊರಿಗೆ ಊರೇ ಬೀದಿಗೆ ಬಂತು, ಕರ್ಫ್ಯೂ ಹಾಕಿದರು, ಗೋಲಿಬಾರೂ ಆಯಿತು. ನ್ಯಾಯಮೂರ್ತಿ ಮುಕ್ತದರ್ ಅವರ ವಿಚಾರಣಾ ಆಯೋಗ ಪೊಲೀಸರ ಮೇಲಿನ ಆರೋಪ ನಿಜ, ಮೊಕದ್ದಮೆ ಹೂಡಬೇಕು ಎಂದಿತು. ಮೊಕದ್ದಮೆ ಆಂಧ್ರದ ಹೊರಗೆ ಹೋಯಿತು. ಎಲ್ಲಿಗೆ ಗೊತ್ತೇ? ನಮ್ಮ ರಾಯಚೂರಿಗೆ. 1981ರಲ್ಲಿ ರಾಯಚೂರಿನ ಸೆಷನ್ಸ್ ನ್ಯಾಯಾಲಯ ಆರೋಪಿ ಪೊಲೀಸರನ್ನು ಬಿಡುಗಡೆ ಮಾಡಿತು.

ನಾನು ರಾಯಚೂರಿನಲ್ಲಿ ಬೆಳೆದವಳು. ಆ ಕೋರ್ಟಿನ ಎದುರು ನೂರಾರು ಸಲ ಹಾದುಹೋಗಿದ್ದೇನೆ. ಒಬ್ಬರೂ ಈ ಮಾತು ಹೇಳಿರಲಿಲ್ಲ. ಹುಡುಗಿ ತನ್ನ ಪ್ರಾಜೆಕ್ಟಿಗಾಗಿ ಅಜ್ಜಿಗೆ, ಅಂದರೆ ನನ್ನ ತಾಯಿಗೆ ಫೋನ್ ಹಚ್ಚಿ ಕೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಹೈದರಾಬಾದ್ ಕೇಸು ಅಂತ ಮಂದಿ ಮಾತಾಡ್ತಿದ್ರು. ಹೆಣ್ಣುಮಕ್ಕಳು ಅದನ್ನ ಕೇಳಬಾರದು ಅಂತ ನಮ್ಮನ್ನ ಒಳಗ ಕಳಿಸ್ತಿದ್ರು" ಅಂದರು. ಹೆಣ್ಣೊಬ್ಬಳಿಗೆ ಆದ ಅನ್ಯಾಯದ ಮೊಕದ್ದಮೆ ನಮ್ಮ ಊರಲ್ಲೇ ನಡೆದಾಗ, ಆ ಊರಿನ ಹೆಣ್ಣುಮಕ್ಕಳನ್ನು ಒಳಗೆ ಕಳಿಸಿದ್ದರು. ನಲವತ್ತು ವರ್ಷ ಕಳೆದ ಮೇಲೆ ಅದೇ ಮನೆಯ ಮೊಮ್ಮಗಳು ಅಜ್ಜಿಯ ಬಾಯಿಂದ ಆ ಮಾತು ಹೊರಗೆ ತೆಗೆದಳು.

ಅದೇ ಪ್ರಾಜೆಕ್ಟಿನಲ್ಲಿ ಇನ್ನೊಂದು ಸಂಗತಿ ಓದಿದೆ. 1978ರಲ್ಲಿಯೇ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಒಬ್ಬ ಆದಿವಾಸಿ ಹುಡುಗಿಯ ಪ್ರಕರಣದಲ್ಲಿ, ಮಥುರಾ ಪ್ರಕರಣ ಅಂತ ಕರೆಯುತ್ತಾರೆ, ಠಾಣೆಯಲ್ಲಿ ಅತ್ಯಾಚಾರ ಮಾಡಿದ ಆರೋಪವಿದ್ದ ಇಬ್ಬರು ಪೊಲೀಸರನ್ನು ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಳ್ಳಲಿಲ್ಲ, ಹಾಗಾಗಿ ಒಪ್ಪಿಗೆ ಇದ್ದಿರಬೇಕು ಎನ್ನುವ ಧಾಟಿಯ ತರ್ಕ. 1979ರಲ್ಲಿ ನಾಲ್ಕು ಜನ ಸೇರಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಬಹಿರಂಗ ಪತ್ರ ಬರೆದರು: ಉಪೇಂದ್ರ ಬಕ್ಷಿ, ರಘುನಾಥ ಕೇಲ್ಕರ್, ಲತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್. ಇವರು ಪುಢಾರಿಗಳಲ್ಲ, ಕಾನೂನು ಪಾಠ ಹೇಳುವ ಮೇಷ್ಟ್ರು ಮೇಡಂಗಳು. ಆ ಪತ್ರ ಮುಟ್ಟಿಸಿದ ಬಿಸಿ, ಬೀದಿಗೆ ಬಂದ ಮಹಿಳಾ ಸಂಘಟನೆಗಳ ಒತ್ತಾಯ ಎಲ್ಲ ಸೇರಿ 1983ರಲ್ಲಿ ಕಾನೂನು ಬದಲಾಯಿತು. ಪೊಲೀಸ್ ವಶದಲ್ಲಿ ಇಂಥದ್ದು ನಡೆದಾಗ, ಸಂಪರ್ಕ ನಡೆದದ್ದು ಸಾಬೀತಾಗಿ, ಹೆಣ್ಣು 'ನಾನು ಒಪ್ಪಿರಲಿಲ್ಲ' ಅಂದರೆ, ಒಪ್ಪಿರಲಿಲ್ಲ ಎಂದೇ ಕೋರ್ಟು ಹಿಡಿಯಬೇಕು ಎನ್ನುವ ನಿಯಮ ಬಂತು. ರಾಯಚೂರಿನ ತೀರ್ಪಿನ ಹೊತ್ತಿಗೆ ಆ ನಿಯಮ ಇರಲಿಲ್ಲ, ಬಂದದ್ದು ಎರಡು ವರ್ಷದ ನಂತರ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ಆಂತರಿಕ ಸಮಿತಿಯ ಸದಸ್ಯೆಯಾಗಿದ್ದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ನಾವೆಲ್ಲ ಪಾಶ್ ಅನ್ನುತ್ತೇವಲ್ಲ, ಅದರ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಈ ಸಮಿತಿ ಇರಲೇಬೇಕು. ಕಚೇರಿ ಯಾವುದು, ಯಾವ ವರ್ಷ, ಯಾರು ಅಂತ ಹೇಳುವುದಿಲ್ಲ. ಆ ಹೆಣ್ಣುಮಗಳ ಗುರುತು ಸಿಗಬಾರದು. ಹುಡುಗಿ ಈ ಭಾಷಣ ಮೊದಲೇ ಓದಿ ಎರಡು ಸಾಲು ತೆಗೆಸಿದ್ದಾಳೆ.

ನಮ್ಮ ಮಹಡಿಯಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಕಾಂಟ್ರಾಕ್ಟಿನ ಮೇಲೆ ಒಬ್ಬಾಕೆ ಬರುತ್ತಿದ್ದಳು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದು ಕೇಳಿಸಿಕೊಂಡು ಒಂದು ದಿನ "ಅಕ್ಕಾರ, ನೀವು ನಮ್ ಕಡೇವ್ರೇನ್ರಿ?" ಅಂದಳು. ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ ನಮ್ಮ ಕಲ್ಯಾಣ ಕರ್ನಾಟಕದ ಎಷ್ಟು ಜನ ಬಂದಿದ್ದಾರೆ ಅಂತ ನಿಮಗೆ ಗೊತ್ತು. ಆಮೇಲೆ ದಿನಾ ಎರಡು ಮಾತು ಆಡುತ್ತಿದ್ದೆವು. ಮಳೆ, ಊರು, ಮಗನ ಸಾಲೆ. ಒಂದು ಸಂಜೆ ಪ್ಯಾಂಟ್ರಿಯಲ್ಲಿ ಯಾರೂ ಇಲ್ಲದಾಗ ಆಕೆ ಹೇಳಿದಳು. ಮೇಲ್ವಿಚಾರಕ ಒಬ್ಬನ ವಿಷಯ. ವಿವರ ಬೇಡ. "ಯಾವಾಗ ಆದದ್ದು?" ಅಂದೆ. ಲೆಕ್ಕ ಹಾಕಿದರೆ ನಾಲ್ಕು ತಿಂಗಳು ದಾಟಿ ಐದನೇ ತಿಂಗಳು ನಡೆಯುತ್ತಿತ್ತು. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂತಲೂ ಕೇಳಿದೆ. ಆ ಪ್ರಶ್ನೆ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಪಗಾರ ಕೊಡಿಸುವವನು ಅವನೇ ಅಂದಳು.

ನನಗೆ ತರಬೇತಿಯಲ್ಲಿ ತೋರಿಸಿದ ಸ್ಲೈಡ್ ನೆನಪಿತ್ತು. ಮೂರು ತಿಂಗಳ ಒಳಗೆ. ಲಿಖಿತ ದೂರು. ಎರಡು ಸಾಲು. "ನೋಡಮ್ಮ, ಕಾನೂನಿನ ಪ್ರಕಾರ ಮೂರು ತಿಂಗಳ ಒಳಗೆ ಬರೆದುಕೊಡಬೇಕಿತ್ತು" ಅಂದೆ. ಆಕೆ "ನನಗ ಬರ್ಯಾಕ ಬರಂಗಿಲ್ರಿ ಅಕ್ಕಾರ" ಅಂದಳು. ನಾನು, "ಅದೂ ಒಂದು ತೊಂದರೆ. ಹೇಗೂ ಅವಧಿ ಮುಗಿದಿದೆ. ಮುಂದೆ ಏನಾದರೂ ಆದರೆ ತಕ್ಷಣ ಬಂದು ಹೇಳು" ಅಂದೆ. ದಯೆಯಿಂದಲೇ ಅಂದೆ. ಆಕೆ "ಹೋಗ್ಲಿ ಬಿಡ್ರಿ" ಅಂತ ಬಕೆಟ್ ಎತ್ತಿಕೊಂಡು ಹೋದಳು. ಕೆಲವು ವಾರಗಳ ಮೇಲೆ ಆಕೆ ಕೆಲಸಕ್ಕೆ ಬರುವುದು ನಿಂತಿತು. ಬೇರೊಬ್ಬಾಕೆ ಬಂದಳು. ನಾನು ಪ್ರಾಜೆಕ್ಟ್ ಗಡಿಬಿಡಿಯಲ್ಲಿ ಮರೆತೆ.

ಇದಾಗಿ ಎರಡು ವರ್ಷದ ಮೇಲೆ, ಹುಡುಗಿ ಮೂರನೇ ವರ್ಷದಲ್ಲಿದ್ದಾಗ, ಒಂದು ಭಾನುವಾರ ನಮ್ಮ ಮನೆಯಲ್ಲಿ ಪರೀಕ್ಷೆಗೆ ಓದುತ್ತಿದ್ದಳು. ಓದುತ್ತಿದ್ದದ್ದು ಇದೇ ಕಾಯ್ದೆ. ನಾನು ಅಡುಗೆ ಮಾಡುತ್ತಾ ಸ್ವಲ್ಪ ಜಂಬದಿಂದಲೇ, "ನಾನೂ ಆ ಸಮಿತಿಯಲ್ಲಿದ್ದವಳು ಕಣೆ. ಒಂದು ಕೇಸು ಬಂದಿತ್ತು, ಆದರೆ ಮೂರು ತಿಂಗಳು ದಾಟಿಬಿಟ್ಟಿತ್ತು" ಅಂದೆ. ಅವಳು ತಲೆ ಎತ್ತದೆ, "ಎಷ್ಟು ದಾಟಿತ್ತು?" ಅಂದಳು. ಹೇಳಿದೆ. "ಹಂಗಾರ ತಗೋಬಹುದಿತ್ತಲ್ಲ ಚಿಕ್ಕಮ್ಮ. ಕೆಳಗ ಪ್ರೊವೈಸೊ ಐತಿ."

ಪ್ರೊವೈಸೊ ಅಂದರೆ, ಕಾಯ್ದೆಯ ವಾಕ್ಯ ಮುಗಿಯಿತು ಅಂದುಕೊಂಡ ಮೇಲೆ ಬರುವ ಷರತ್ತು. ಕನ್ನಡದಲ್ಲಿ ಅಚ್ಚಾಗುವ ಕಾಯ್ದೆಗಳಲ್ಲಿ ಅದು 'ಪರಂತು' ಅಂತ ಶುರುವಾಗುತ್ತದೆ. ಅವಳು 9ನೇ ಕಲಂ ಓದಿ ಹೇಳಿದಳು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ಪರಂತು, ಬರೆದುಕೊಡಲು ಆಗದಿದ್ದರೆ, ಬರೆಯುವುದಕ್ಕೆ ಬೇಕಾದ ಎಲ್ಲ ನೆರವನ್ನು ಸಮಿತಿಯ ಅಧ್ಯಕ್ಷೆ ಅಥವಾ ಯಾವುದೇ ಸದಸ್ಯರು ಕೊಡತಕ್ಕದ್ದು. ಮತ್ತೂ ಪರಂತು, ಆ ಅವಧಿಯಲ್ಲಿ ದೂರು ಕೊಡಲಾಗದ ಪರಿಸ್ಥಿತಿ ಇತ್ತು ಎಂದು ಮನವರಿಕೆಯಾದರೆ, ಕಾರಣ ಬರೆದಿಟ್ಟು, ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ನಾನು ನನ್ನ ಮಾತಿನಲ್ಲಿ ಹೇಳಿದೆ, ಮೂಲದ ಅರ್ಥ ಇಷ್ಟು.

ಆಕೆ ಬಂದದ್ದು ಐದನೇ ತಿಂಗಳಲ್ಲಿ. ಬಾಗಿಲು ತೆರೆದೇ ಇತ್ತು. ಬರೆಯಲು ಬರುವುದಿಲ್ಲ ಅಂದಾಗ ಪೆನ್ನು ಹಿಡಿಯಬೇಕಾದವಳು ನಾನು. ಅದು ನನ್ನ ಔದಾರ್ಯವಲ್ಲ, ಕರ್ತವ್ಯ. ಅದೂ ಆಕೆ ಮಾತಾಡಿದ್ದು ಕನ್ನಡದಲ್ಲಿ. ಆ ಸಮಿತಿಯಲ್ಲಿ ಕನ್ನಡ ಬರೆಯಬಲ್ಲವಳು ನಾನೊಬ್ಬಳೇ ಇದ್ದೆ. ಕಾಂಟ್ರಾಕ್ಟಿನವರು ನಮ್ಮ ವ್ಯಾಪ್ತಿಗೆ ಬರುತ್ತಾರೋ ಇಲ್ಲವೋ ಅನ್ನುವ ಅನುಮಾನವೂ ನನಗಿತ್ತು. ಕಾಯ್ದೆಯ 2ನೇ ಕಲಮಿನಲ್ಲೇ ಕಾಂಟ್ರಾಕ್ಟ್ ಕೆಲಸಗಾರರೂ ಉದ್ಯೋಗಿಗಳೇ ಅಂತ ಸ್ಪಷ್ಟವಾಗಿದೆ. ಎಂ.ಟೆಕ್ ಮಾಡಿದವಳು, ದಿನವಿಡೀ 'ಇಲ್ಲದಿದ್ದರೆ ಏನು' ಅನ್ನುವ ಶಾಖೆಯನ್ನು ಕೋಡಿನಲ್ಲಿ ಬರೆಯುವವಳು, ಒಂದು ಕಲಮನ್ನು ಕೊನೆಯವರೆಗೆ ಓದಿರಲಿಲ್ಲ.

ನಾನು ಗ್ಯಾಸ್ ಆರಿಸಿ ಕುರ್ಚಿಯ ಮೇಲೆ ಕೂತೆ. ಹುಡುಗಿಗೆ ಆಗಲೇ ಗೊತ್ತಾಯಿತು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆವತ್ತು ಏನೇನು ಹೇಳಿದ್ಲು ಅಂತ ಎಲ್ಲಾದರೂ ಬರೆದಿಟ್ಟಿದ್ದೀರೇನು?" ಅಂತ ಕೇಳಿದಳು. ಬರೆದಿಟ್ಟಿರಲಿಲ್ಲ. "ಸಮಿತಿ ದಾರಿ ಮುಗಿದಿದ್ರೂ ಪೊಲೀಸ್ ದೂರು ಬೇರೆ ದಾರಿ. ಅದನ್ನ ಹೇಳಿದ್ರಾ?" ಹೇಳಿರಲಿಲ್ಲ. ಮರುದಿನ ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನ್ ಮಾಡಿದೆ. ಆಕೆಯ ನಂಬರು ಚಾಲ್ತಿಯಲ್ಲಿರಲಿಲ್ಲ. ಊರಿಗೆ ಹೋಗಿದ್ದಾಳೆ ಅಂದರು ಒಬ್ಬರು, ಬೇರೆ ಕಡೆ ಕೆಲಸಕ್ಕಿದ್ದಾಳೆ ಅಂದರು ಇನ್ನೊಬ್ಬರು. ಇವತ್ತಿನವರೆಗೆ ಸಿಕ್ಕಿಲ್ಲ.

ಆ ರಾತ್ರಿ ಹುಡುಗಿ ನನಗೆ ಈ ಕಾಯ್ದೆ ಎಲ್ಲಿಂದ ಬಂತು ಅಂತ ಹೇಳಿದಳು. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರೀ ದೇವಿ ಅಂತ ಸರ್ಕಾರದ ಮಹಿಳಾ ಕಾರ್ಯಕ್ರಮದ ಕಾರ್ಯಕರ್ತೆ. ಹಸುಗೂಸಿನ ಮದುವೆ ತಡೆಯಲು ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಆದರೆ ಆ ಘಟನೆಯ ನಂತರ ಮಹಿಳಾ ಸಂಘಟನೆಗಳು ವಿಶಾಖಾ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಬೇರೊಂದು ಪ್ರಶ್ನೆ ಹಾಕಿದವು: ಕೆಲಸಕ್ಕೆ ಹೋಗುವ ಹೆಣ್ಣಿಗೆ ರಕ್ಷಣೆ ಕೊಡುವವರು ಯಾರು? ದೇಶದಲ್ಲಿ ಅದಕ್ಕೆ ಕಾನೂನೇ ಇರಲಿಲ್ಲ. ಮಹಿಳೆಯರ ಮೇಲಿನ ಎಲ್ಲ ತಾರತಮ್ಯ ಹೋಗಲಾಡಿಸುವ ವಿಶ್ವಸಂಸ್ಥೆಯ 1979ರ ಒಪ್ಪಂದವಿದೆ, ಸೀಡಾ ಅನ್ನುತ್ತಾರೆ. ಭಾರತ ಅದನ್ನು 1993ರಲ್ಲಿ ಅನುಮೋದಿಸಿತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ನಮ್ಮ ಸಂವಿಧಾನದ ಸಮಾನತೆಯ ಹಕ್ಕು, ಬದುಕುವ ಹಕ್ಕುಗಳನ್ನು ಆ ಒಪ್ಪಂದದ ಬೆಳಕಿನಲ್ಲಿ ಓದಿ, ಸಂಸತ್ತು ಕಾನೂನು ಮಾಡುವವರೆಗೆ ಇವೇ ನಿಯಮ ಅಂತ 1997ರ ಆಗಸ್ಟಿನಲ್ಲಿ ಕಟ್ಟಿಕೊಟ್ಟಿತು. ಸಂಸತ್ತು ಕಾಯ್ದೆ ಮಾಡಲು ಮತ್ತೆ ಹದಿನಾರು ವರ್ಷ ಬೇಕಾಯಿತು.

ಅಂತರರಾಷ್ಟ್ರೀಯ ಒಪ್ಪಂದ ಅಂದರೆ ಪತ್ರಿಕೆಯ ಒಳಪುಟದ ಸುದ್ದಿ ಅಂದುಕೊಂಡಿದ್ದೆ. ಅದು ದೆಹಲಿಯ ತೀರ್ಪಾಗಿ, ಕಾಯ್ದೆಯಾಗಿ, ಕಲಮಾಗಿ, ಪರಂತುವಾಗಿ ನಮ್ಮ ಪ್ಯಾಂಟ್ರಿಯ ಬಾಗಿಲವರೆಗೆ ಬಂದು ನಿಂತಿತ್ತು. ಕೊನೆಯ ನಾಲ್ಕು ಹೆಜ್ಜೆ ನಡೆಸಬೇಕಾದವಳು ನಾನಾಗಿದ್ದೆ. ಮಾನವ ಹಕ್ಕುಗಳ ಕಾನೂನನ್ನು ಹದಿನೆಂಟು, ಇಪ್ಪತ್ತರ ವಯಸ್ಸಿನಲ್ಲಿ ಓದಬೇಕು ಅಂತ ನನಗೆ ಅನ್ನಿಸುವುದು ಇದಕ್ಕೇ. ಆ ವಯಸ್ಸಿನಲ್ಲಿ ವಾಕ್ಯವನ್ನು ಕೊನೆಯವರೆಗೆ ಓದುವ ಅಭ್ಯಾಸ ಕೈಗೆ ಹತ್ತುತ್ತದೆ, ನಮ್ಮಂಥವರು ಸ್ಲೈಡಿನಲ್ಲಿ ನಿಲ್ಲುತ್ತೇವೆ.

ನಮ್ಮ ತಾತನ ಒಂದು ಕಥೆ ಇಲ್ಲಿ ನೆನಪಾಗುತ್ತದೆ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ಕೋರ್ಟು ಕಚೇರಿಯೆಲ್ಲ ಉರ್ದು. ತಾತ ಹೊಲದ ವ್ಯಾಜ್ಯಕ್ಕಾಗಿ ಮೂಸಿ ದಂಡೆಯ ಹೈಕೋರ್ಟಿಗೆ ರೈಲಿನಲ್ಲಿ ಬಂದುಹೋಗುತ್ತಿದ್ದರಂತೆ. ತಮ್ಮದೇ ಹೊಲದ ಕಾಗದ ಓದಿಸಲು ಮುನಷಿಗೆ ದುಡ್ಡು ಕೊಡಬೇಕಿತ್ತು. ಮುನಷಿ ಎಷ್ಟು ಓದಿದನೋ ಅಷ್ಟೇ ಕಾನೂನು. ಆ ಹೆಣ್ಣುಮಗಳಿಗೆ ನಾನು ಅಂಥ ಮುನಷಿಯಾಗಿದ್ದೆ, ಅರ್ಧ ಓದಿದ ಮುನಷಿ.

ಈಗಿನ ಕಚೇರಿಯಲ್ಲೂ ಆಂತರಿಕ ಸಮಿತಿಯಲ್ಲಿದ್ದೇನೆ, ಕೇಳಿ ಸೇರಿಕೊಂಡೆ. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನಿನವರಿಗೆ ತೆಲುಗು, ಹಿಂದಿ, ಕನ್ನಡದಲ್ಲಿ ಒಂದೊಂದು ಪುಟದ ಮಾಹಿತಿ ಮಾಡಿಸಿದ್ದೇವೆ. ಕನ್ನಡದ್ದು ಬರೆದವಳು ಹುಡುಗಿ, ತಿದ್ದಿದವಳು ನಾನು. 'ಬರೆಯಲು ಬರದಿದ್ದರೆ ನಾವು ಬರೆದುಕೊಳ್ಳುತ್ತೇವೆ' ಅನ್ನುವುದು ಅದರ ಮೊದಲ ಸಾಲು.

ಸ್ವಲ್ಪ ಕಸಿವಿಸಿಯಾಗುವ ಒಂದು ಮಾತೂ ಹೇಳಿಬಿಡುತ್ತೇನೆ. ಈ ಕಾಯ್ದೆಯ ಪ್ರಕಾರ ಮನೆಯೂ ಕೆಲಸದ ಸ್ಥಳ. ನಮ್ಮ ನಿಮ್ಮ ಮನೆಗೆ ಪಾತ್ರೆ ತೊಳೆಯಲು, ಅಡುಗೆಗೆ ಬರುವವರಿಗೂ ಇದು ಅನ್ವಯಿಸುತ್ತದೆ. ಅವರು ದೂರು ಕೊಡಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಇದನ್ನು ನಮ್ಮ ಮನೆಗೆ ಬರುವಾಕೆಗೆ ನಾನು ಹೇಳಿದ್ದೇನೆಯೇ ಅಂತ ಹುಡುಗಿ ಕೇಳಿದಳು. ಹೇಳಿರಲಿಲ್ಲ. ಕಳೆದ ತಿಂಗಳು ಹೇಳಿದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿ, "ಯಾಕಮ್ಮ, ಏನಾಯ್ತು?" ಅಂತ ತೆಲುಗಿನಲ್ಲಿ ಕೇಳಿದಳು.

ಉದ್ಯೋಗದ ಪ್ರಶ್ನೆ ಕೇಳುವವರಿದ್ದೀರಿ, ನಾನೂ ಕೇಳಿದವಳೇ. ಸುಳ್ಳು ಹೇಳುವುದಿಲ್ಲ. ಕಂಪನಿ ಕಾನೂನಿಗೆ ಹೋದರೆ ಸಂಬಳ ಚೆನ್ನಾಗಿದೆ, ಮಾನವ ಹಕ್ಕಿನ ವಕೀಲಿಕೆಯಲ್ಲಿ ಮೊದಲ ವರ್ಷಗಳು ಕಷ್ಟ. ಅವಳ ಜೊತೆಯವರಲ್ಲಿ ಶಿಕ್ಷಣ ಸಾಲ ಇರುವವರು ಇಷ್ಟವಿದ್ದರೂ ಈ ಕಡೆ ಬರಲು ಹೆದರುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಅವಳೂ ನ್ಯಾಯಾಧೀಶರ ಪರೀಕ್ಷೆ ಬರೆಯುವುದೋ, ವಕೀಲಿಕೆಗೆ ಇಳಿಯುವುದೋ ಅಂತ ಇನ್ನೂ ತೀರ್ಮಾನಿಸಿಲ್ಲ. ಭಾವನವರು ಮಾತ್ರ ಈಗ ಊರಲ್ಲಿ ಸಿಕ್ಕವರಿಗೆಲ್ಲ "ನಮ್ಮ ಹುಡುಗಿ ಲಾ ಓದಾಕತ್ಯಾಳ, ಹೈದರಾಬಾದಿನ್ಯಾಗ" ಅನ್ನುತ್ತಾರೆ. ಬೇವಿನ ಗಿಡದ ಮಾತು ಎತ್ತುವುದಿಲ್ಲ. ಓದಿದ ಮೇಲೆ ದಾರಿ ಬದಲಿಸುವವರೂ ಇದ್ದಾರೆ. ಈ ಊರಿನಲ್ಲಿ ಕೆ. ಬಾಲಗೋಪಾಲ್ ಅವರ ಹೆಸರು ಕೇಳದವರು ಕಡಿಮೆ. ಅವರು ಗಣಿತದಲ್ಲಿ ಪಿಎಚ್.ಡಿ. ಮಾಡಿ ವರಂಗಲ್ಲಿನ ಕಾಕತೀಯ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದವರು. ನಾಗರಿಕ ಹಕ್ಕುಗಳ ಕೆಲಸಕ್ಕೆ ಬಂದು, ಎಷ್ಟೋ ವರ್ಷಗಳ ಮೇಲೆ ಕಾನೂನು ಓದಿ, ಕರಿ ಕೋಟು ಹಾಕಿ ಹೈಕೋರ್ಟಿನಲ್ಲಿ ಬಡವರ ಪರ ವಾದಿಸಿದರು. 2009ರಲ್ಲಿ ತೀರಿಕೊಂಡರು. ಗಣಿತದವರಿಗೂ ತಡವಾಗಿಲ್ಲ ಅಂತಾಯಿತು. ನನಗೆ ಮೂರು ವರ್ಷದ ಎಲ್‌ಎಲ್‌ಬಿ ಸೇರುವ ಆಸೆ ಒಳಗೊಳಗೇ ಇದೆ, ನಮ್ಮ ಮನೆಯವರಿಗೆ ಇನ್ನೂ ಹೇಳಿಲ್ಲ. ಈಗ ಇಲ್ಲೇ ಕೂತು ಕೇಳಿಸಿಕೊಂಡರು.

ಕೊನೆಗೊಂದು ಉಪಯೋಗದ ಮಾಹಿತಿ, ಬರೆದುಕೊಳ್ಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಯಾವ ಹೆಣ್ಣುಮಗಳಿಗೇ ಆಗಲಿ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಬಡವರಿಗೆ ಮಾತ್ರ ಅಂತ ನಾನು ತಿಳಿದಿದ್ದೆ. ಸಹಾಯವಾಣಿ 15100.

ವೇದಿಕೆಯವರಿಗೆ ನನ್ನದೊಂದು ಬೇಡಿಕೆ. ತಿಂಗಳಿಗೊಂದು ಭಾನುವಾರ ಸಂಘದ ಈ ಕೋಣೆಯನ್ನು ಎರಡು ಗಂಟೆ ಬಿಟ್ಟುಕೊಡಿ. ಕನ್ನಡ ಮಾತಾಡುವ ಕೆಲಸದ ಹೆಣ್ಣುಮಕ್ಕಳು ಬಂದರೆ, ಅವರು ಹೇಳಿದ್ದನ್ನು ಅವರು ಹೇಳಿದ ಹಾಗೆ ಬರೆದುಕೊಡಲು ನಾನಿರುತ್ತೇನೆ. ನಮ್ಮಲ್ಲಿ ನಿವೃತ್ತ ಶಿಕ್ಷಕಿಯರಿದ್ದೀರಿ, ಅಕ್ಷರ ನನಗಿಂತ ದುಂಡಗಿರುತ್ತದೆ, ನೀವೂ ಬನ್ನಿ. ಹುಡುಗಿ ತನ್ನ ಗೆಳತಿಯರನ್ನೂ, ಒಬ್ಬ ವಕೀಲೆಯನ್ನೂ ಕರೆತರುತ್ತೇನೆ ಅಂದಿದ್ದಾಳೆ.

ಅವಳು ಬಂದಿದ್ದಾಳೆ, ಬಾಗಿಲ ಹತ್ತಿರ ನೀಲಿ ಕುರ್ತಾ ಹಾಕಿಕೊಂಡು ಕೂತಿದ್ದಾಳೆ ನೋಡಿ. ನಾಳೆ ಅವಳಿಗೆ ಪರೀಕ್ಷೆ ಇದೆ, ಜಾಸ್ತಿ ಹೊತ್ತು ಹಿಡಿದಿಟ್ಟುಕೊಳ್ಳಬೇಡಿ. ಪ್ರಶ್ನೆಗಳಿದ್ದರೆ ಚಹಾ ಕುಡಿಯುವಾಗ ಅವಳನ್ನೇ ಕೇಳಿ. "ನಾನಿನ್ನೂ ವಕೀಲಳಲ್ಲ" ಅಂತ ಮೊದಲು ಹೇಳುತ್ತಾಳೆ, ಆಮೇಲೆ ಪುಸ್ತಕ ತೆಗೆಯುತ್ತಾಳೆ.